ನೀರಿನ ಪಕ್ಕದ ಜಾಗವೇ ಬೇಕು ಅಂತ ಹಟ ಹಿಡಿಯುವ ಮುಂಚೆ

ಕೆರೆ ದಂಡೆಯಲ್ಲಿ ಟೆಂಟು ಹಾಕಿಕೊಂಡು ಒಂದೆರಡು ರಾತ್ರಿ ಕಳೆಯೋಣ ಅಂತ ನೀವು ಜಾಗ ಹುಡುಕುತ್ತಿದ್ದರೆ, ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ನಾವು ಮೂರು ರಾತ್ರಿಗೆ ಬುಕ್ ಮಾಡಿದ್ದೆವು. ಎರಡನೇ ರಾತ್ರಿ ಎರಡು ಗಂಟೆಗೆ ಐದೂ ಜನ ಒದ್ದೆ ಬಟ್ಟೆಯಲ್ಲಿ ಕಾರಿನೊಳಗೆ ಕೂತಿದ್ದೆವು. ಅದರ ಹಿಂದಿನ ರಾತ್ರಿ ಆಗಿದ್ದು ಇನ್ನೂ ಕೆಟ್ಟದ್ದು. ಹೇಳೋಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ತಪ್ಪು ಶುರುವಾಗಿದ್ದು ಒಂದು ಫೋಟೋದಿಂದ. ಟೆಂಟಿನ ಬಾಗಿಲು ತೆರೆದಿದೆ, ಹತ್ತು ಹೆಜ್ಜೆ ಆಚೆ ನೀಲಿ ನೀರು, ನೀರಿನ ಮೇಲೆ ಬೆಳಗಿನ ಮಂಜು. ದೂರದ ಬೆಟ್ಟ ನುಣ್ಣಗೆ ಅಂತಾರೆ, ಫೋಟೋದ ಕೆರೆ ಅದಕ್ಕಿಂತ ನುಣ್ಣಗೆ. ಅಲ್ಲಿ ಮೂರು ಸಾಲು ಜಾಗಗಳಿದ್ದವು. ಹಿಂದಿನ ಎರಡು ಸಾಲು ದಿಬ್ಬದ ಮೇಲೆ, ಮರಗಳ ನಡುವೆ. ಮೊದಲ ಸಾಲು ನೀರಿನ ಪಕ್ಕ, ಬಾಡಿಗೆಯೂ ಜಾಸ್ತಿ. ಜಾಸ್ತಿ ಕೊಟ್ಟರೆ ಒಳ್ಳೆಯದೇ ಸಿಗುತ್ತೆ ಅಲ್ವಾ ಅಂದುಕೊಂಡು ಮೊದಲ ಸಾಲೇ ಬೇಕು ಅಂತ ಹಟ ಮಾಡಿ ತೆಗೆದುಕೊಂಡೆವು. ಮಂಜು ನೋಡಿ ಎಷ್ಟು ಚಂದ ಅಂದೆವು. ಆ ಮಂಜು ರಾತ್ರಿಯೆಲ್ಲ ಎಲ್ಲಿ ಕೂತಿರುತ್ತದೆ ಅಂತ ಯಾರೂ ಕೇಳಲಿಲ್ಲ.

ಹೋಗಿ ಇಳಿದಾಗ ನೀರು ನೀಲಿ ಇರಲಿಲ್ಲ. ದಡದುದ್ದಕ್ಕೂ ಹಸಿರು. ಯಾರೋ ಬಣ್ಣದ ಡಬ್ಬಿ ಮಗುಚಿದ ಹಾಗೆ, ತೆಳ್ಳಗೆ, ಗಾಳಿ ಬಂದ ಕಡೆ ಸರಿಯುತ್ತಿತ್ತು. ಮಗಳು ಆಗಲೇ ಈಜುವ ಬಟ್ಟೆ ಹಾಕಿಕೊಂಡು ನಿಂತಿದ್ದಳು. ನೋಡಿಕೊಳ್ಳುವವನು, "ಬರೀ ಪಾಚಿ ಸರ್, ಕೈಯಲ್ಲಿ ಆಚೆ ತಳ್ಳಿ ಇಳಿಯಿರಿ" ಅಂದ. ನನ್ನ ಗೆಳೆಯನ ಹೆಂಡತಿ ಒಂದು ಕೋಲು ತೆಗೆದುಕೊಂಡು ಅದ್ದಿ ಎತ್ತಿದಳು. ಎಳೆ ಎಳೆಯಾಗಿ, ಕೂದಲಿನ ಹಾಗೆ ಕೋಲಿಗೆ ಜೋತುಬಿದ್ದರೆ ಅದು ಸಾಮಾನ್ಯವಾಗಿ ಮಾಮೂಲಿ ಪಾಚಿ. ಕೋಲಿಗೆ ಬಣ್ಣ ಬಳಿದ ಹಾಗೆ ಮೆತ್ತಿಕೊಂಡರೆ ಅನುಮಾನ ಪಡಬೇಕು. ನಮ್ಮ ಕೋಲು ಮೊಣಕೈ ಉದ್ದಕ್ಕೆ ಹಸಿರು ಬಣ್ಣ ಬಳಿದುಕೊಂಡು ಬಂತು.

ಇದು ಸಯನೋಬ್ಯಾಕ್ಟೀರಿಯಾ ಇರಬಹುದು. ನೀಲಿ-ಹಸಿರು ಪಾಚಿ ಅಂತ ಕರೆಯುತ್ತಾರೆ, ಆದರೆ ನಿಜಕ್ಕೂ ಪಾಚಿಯಲ್ಲ, ಬ್ಯಾಕ್ಟೀರಿಯಾ. ಬಿಸಿಲು, ಬೆಚ್ಚನೆಯ ನಿಂತ ನೀರು, ಹೊಲಗಳಿಂದ ಹರಿದು ಬರುವ ಗೊಬ್ಬರ, ಇಷ್ಟು ಸಿಕ್ಕರೆ ಕೆಲವೇ ದಿನಗಳಲ್ಲಿ ಹಬ್ಬುತ್ತದೆ. ಎಲ್ಲ ಸಲವೂ ವಿಷವಿರುವುದಿಲ್ಲ, ಆದರೆ ಇದೆಯೋ ಇಲ್ಲವೋ ಅಂತ ಕಣ್ಣಿನಲ್ಲಿ ನೋಡಿ ಹೇಳೋಕೆ ಬರುವುದಿಲ್ಲ. ಇಂಥ ನೀರು ಕುಡಿದು ನಾಯಿಗಳು ಸತ್ತ ಉದಾಹರಣೆಗಳಿವೆ. ನಿಮ್ಮ ನಾಯಿಯನ್ನು ಕರೆದುಕೊಂಡು ಹೋಗುವುದಾದರೆ ಇದೊಂದನ್ನು ಮರೆಯಬೇಡಿ. ಅದು ನೀರಿಗಿಳಿದು ಬಂದು ಮೈ ನೆಕ್ಕಿಕೊಂಡರೂ ಸಾಕು.

ನಮ್ಮ ಪ್ಲಾನು ಮಗುಚಿದ್ದು ಇಲ್ಲೇ. ಕೆರೆ ನೀರನ್ನೇ ಕುದಿಸಿ ಕುಡಿಯೋಣ, ಸುಮ್ನೆ ಕ್ಯಾನು ಯಾಕೆ ಹೊರುವುದು ಅಂತ ಬಂದಿದ್ದೆವು. ಮಾಮೂಲಿ ರೋಗಾಣುಗಳಿಗೆ ಆ ಲೆಕ್ಕ ಸರಿ. ಒಂದು ನಿಮಿಷ ಚೆನ್ನಾಗಿ ಕೊತಕೊತ ಕುದಿಸಿದರೆ ಸಾಯುತ್ತವೆ. 2000 ಮೀಟರ್‌ಗಿಂತ ಎತ್ತರದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಮೂರು ನಿಮಿಷ ಬೇಕು. ಆದರೆ ಈ ವಿಷ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಕುಡಿಯುವ ನೀರಿಗೆ ಅಂತ ವಾಪಸ್ ಕಾರು ಓಡಿಸಿದೆವು. ಮಗಳು ಆ ಈಜುವ ಬಟ್ಟೆಯಲ್ಲೇ ಕಾರಿನ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

ಇನ್ನು ಮೊದಲ ರಾತ್ರಿ.

ಹಗಲು ಸೆಕೆ ಇತ್ತು. ಅದಕ್ಕೇ ತೆಳ್ಳನೆಯ ಗಾಳಿ ಹಾಸಿಗೆ ತಂದಿದ್ದೆವು. ಸ್ಲೀಪಿಂಗ್ ಬ್ಯಾಗಿನ ಮೇಲೆ 5 ಡಿಗ್ರಿ ಅಂತ ದೊಡ್ಡದಾಗಿ ಬರೆದಿತ್ತು, ನೋಡಿ ಧೈರ್ಯವಾಗಿದ್ದೆವು. ಸೂರ್ಯ ಮುಳುಗಿ ಎರಡು ಗಂಟೆಯೊಳಗೆ ಹಲ್ಲು ಕಟಕಟ ಅನ್ನತೊಡಗಿತು. ತಣ್ಣನೆಯ ಗಾಳಿ ಭಾರ, ರಾತ್ರಿ ಅದು ಇಳಿಜಾರಿನಲ್ಲಿ ನೀರಿನ ಹಾಗೇ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆ ಇಡೀ ಜಾಗದಲ್ಲಿ ಎಲ್ಲಕ್ಕಿಂತ ತಗ್ಗು ಯಾವುದು? ನಾವು ಜಾಸ್ತಿ ದುಡ್ಡು ಕೊಟ್ಟು ತೆಗೆದುಕೊಂಡ ಮೊದಲ ಸಾಲು. ಹಿಂದಿನ ದಿಬ್ಬಕ್ಕೆ ಶೌಚಾಲಯಕ್ಕೆ ಅಂತ ಹತ್ತಿ ಹೋದಾಗ ಅಲ್ಲಿ ಬೆಚ್ಚಗಿತ್ತು. ವಾಪಸ್ ಇಳಿಯುವಾಗ ಒಂದು ಕಡೆ ಕಾಲಿಗೆ ತಣ್ಣೀರು ತಾಕಿದ ಹಾಗೆ ಚಳಿ ಶುರುವಾಯಿತು. ಗೆರೆ ಎಳೆದ ಹಾಗಿತ್ತು.

ಆ 5 ಡಿಗ್ರಿಯ ಗುಟ್ಟು ಆಮೇಲೆ ಗೊತ್ತಾಯಿತು. ಐಎಸ್‌ಒ 23537 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾದ ಬ್ಯಾಗುಗಳಲ್ಲಿ ಚಳಿಗೆ ಸಂಬಂಧಿಸಿದ ಮೂರು ಅಂಕಿ ನೋಡಬೇಕು. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಕಂಫರ್ಟ್ ಅಂದರೆ ಆರಾಮಾಗಿ ನಿದ್ದೆ ಬರುವ ಚಳಿ. ಲಿಮಿಟ್ ಅಂದರೆ ಮುದುರಿಕೊಂಡು ಹೇಗೋ ಮಲಗಬಹುದಾದ ಚಳಿ. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯಬಹುದು ಅಷ್ಟೇ. ನಮ್ಮ ಬ್ಯಾಗಿನ ದೊಡ್ಡ ಅಕ್ಷರದ 5 ಎಕ್ಸ್‌ಟ್ರೀಮ್ ಅಂಕಿಯಾಗಿತ್ತು. ಕಂಫರ್ಟ್ ಅಂಕಿ ಒಳಗಿನ ಪಟ್ಟಿಯಲ್ಲಿ ಇರುವೆ ಕಾಲಿನಷ್ಟು ಸಣ್ಣಗೆ ಇತ್ತು. ಸಾಲದ್ದಕ್ಕೆ ಕೆಳಗೆ ಬರೀ ಗಾಳಿ ತುಂಬಿದ ಹಾಸಿಗೆ. ಮೈಭಾರಕ್ಕೆ ಬ್ಯಾಗಿನ ಅಡಿಭಾಗ ಒತ್ತಿಹೋಗಿ ಬಿಸಿ ಹಿಡಿಯುವುದಿಲ್ಲ, ಹಾಸಿಗೆಯೊಳಗಿನ ಗಾಳಿ ನೆಲದ ತಂಪನ್ನು ಮೇಲಕ್ಕೆ ತರುತ್ತದೆ. ಹಾಸಿಗೆ ಕೊಳ್ಳುವಾಗ ಆರ್-ವ್ಯಾಲ್ಯೂ ಎಷ್ಟು ಅಂತ ಕೇಳಿ. ಅಂಕಿ ದೊಡ್ಡದಾದಷ್ಟೂ ನೆಲದ ಚಳಿ ತಡೆಯುತ್ತದೆ. ಅಂಕಿಯೇ ಇಲ್ಲ ಅಂದರೆ ಅದು ಬೇಸಿಗೆಯ ಹಾಸಿಗೆ ಅಂತ ತಿಳಿಯಿರಿ.

ಚಳಿ ತಡೆಯಲಾಗದೆ ನಾನೊಂದು ಕೆಲಸ ಮಾಡಿದೆ. ಅಡುಗೆಗೆ ಹಚ್ಚಿದ್ದ ಇದ್ದಿಲ ಒಲೆಯಲ್ಲಿ ಬೆಂಕಿ ಆರಿತ್ತು. ಉರಿ ಇಲ್ಲ, ಹೊಗೆ ಇಲ್ಲ, ಮೇಲೆ ಬೆಳ್ಳನೆಯ ಬೂದಿ. ಕೈ ಹಿಡಿದರೆ ಹಿತವಾದ ಬಿಸಿ. ಎತ್ತಿ ತಂದು ಟೆಂಟಿನ ಬಾಗಿಲ ಹತ್ತಿರ, ಒಳಗೆ ಇಟ್ಟೆ. ಕಿಡಿ ಹಾರುವುದಿಲ್ಲವಲ್ಲ ಅನ್ನುವುದಷ್ಟೇ ನನ್ನ ಯೋಚನೆ. ಬೂದಿ ಮುಚ್ಚಿದ ಕೆಂಡ ಅನ್ನುವ ಮಾತನ್ನು ಎಷ್ಟು ಸಲ ಆಡಿದ್ದೇನೋ, ಅವತ್ತು ಅದನ್ನೇ ತಲೆದೆಸೆಗೆ ಇಟ್ಟುಕೊಂಡು ಮಲಗಿದೆ. ಜಿಪ್ಪನ್ನು ಒಂದು ಗೇಣು ತೆರೆದಿಟ್ಟಿದ್ದೆ, ಗಾಳಿಯಾಡಲಿ ಅಂತ.

ಮಗಳು ಎಬ್ಬಿಸಿದಳು. "ಅಪ್ಪಾ, ತಲೆ ನೋವು, ಮೂತ್ರ ಬರ್ತಿದೆ." ನನಗೂ ತಲೆ ಸಿಡಿಯುತ್ತಿತ್ತು, ದಿನವಿಡೀ ಕಾರು ಓಡಿಸಿದ್ದಕ್ಕೆ ಅಂದುಕೊಂಡೆ. ಎದ್ದು ನಿಲ್ಲೋಕೆ ಹೋದರೆ ಮಂಡಿ ಹಿಡಿತಕ್ಕೆ ಸಿಗಲಿಲ್ಲ, ಕುಸಿದು ಕೂತೆ. ಹೆಂಡತಿಯನ್ನು ಕರೆದೆ, ಹೂಂ ಅನ್ನಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದರೆ ಕಣ್ಣು ಅರೆ ತೆರೆದು ಏನೋ ತೊದಲಿದಳು. ಆ ಹೊತ್ತಿಗೆ ಮಗಳು ಜಿಪ್ ಪೂರ್ತಿ ತೆಗೆದಿದ್ದಳು, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಆಗ ನನ್ನ ಕಣ್ಣು ಒಲೆಯ ಮೇಲೆ ಬಿತ್ತು. ಹೆಂಡತಿಯನ್ನು ಬ್ಯಾಗಿನ ಸಮೇತ ಎಳೆದು ಹೊರಗೆ ಹಾಕಿದೆ. ಹುಲ್ಲಿನ ಮೇಲೆ ಕೂತು ಅವಳು ವಾಂತಿ ಮಾಡಿಕೊಂಡಳು. ಮಗಳಿಗೆ ಮೂತ್ರ ಬರದೇ ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಇದ್ದಿಲು ಆರುತ್ತಾ ಬಂದಾಗಲೂ ಅದನ್ನು ಬಿಡುತ್ತಲೇ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪ ಇದ್ದರೂ ಸಾಕು. ತಲೆನೋವು, ತಲೆಸುತ್ತು, ವಾಕರಿಕೆ, ನಿದ್ದೆ. ಎಲ್ಲವೂ ದಣಿವಿನ ಹಾಗೇ ಕಾಣುತ್ತದೆ, ಮೋಸ ಇರುವುದೇ ಅಲ್ಲಿ. ಒಂದು ಗೇಣು ಜಿಪ್ ತೆರೆದಿಟ್ಟರೆ ಏನೂ ಪ್ರಯೋಜನವಿಲ್ಲ. ಇದ್ದಿಲ ಒಲೆಯಾಗಲಿ ಗ್ಯಾಸ್ ಸ್ಟೌ ಆಗಲಿ ಟೆಂಟಿನೊಳಗೆ ಬರಬಾರದು. ಉರಿಯುತ್ತಿದ್ದರೂ ಸರಿ, ಆರಿದೆ ಅಂತ ನಿಮಗೆ ಅನ್ನಿಸಿದರೂ ಸರಿ. ನಾವು ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ರಾತ್ರಿಯೇ ಯಾಕೆ ಬರಲಿಲ್ಲ ಅಂತ ಡಾಕ್ಟರು ಚೆನ್ನಾಗಿ ಬೈದರು. ಹೊರಗೆ ಬಂದು ಸ್ವಲ್ಪ ಹಗುರಾಯಿತು ಅಂತ ಸುಮ್ಮನಾಗುವಂಥದ್ದಲ್ಲ ಇದು.

ಬುದ್ಧಿ ಇದ್ದವರು ಅಲ್ಲಿಂದಲೇ ಮನೆಗೆ ಹೋಗುತ್ತಿದ್ದರು. ನಾವು, ದುಡ್ಡು ಕಟ್ಟಿದ್ದೀವಲ್ಲ, ಎಲ್ಲರೂ ಹುಷಾರಾಗಿದ್ದೀವಲ್ಲ ಅಂತ ವಾಪಸ್ ಹೋದೆವು.

ಟೆಂಟಿನ ಒಳಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆ ಬಂದಿರಲಿಲ್ಲ. ಉಸಿರಿನ ತೇವ, ನೆಲದ ತೇವ, ಕೆರೆಯ ತೇವ ಎಲ್ಲವೂ ತಣ್ಣಗಾದ ಬಟ್ಟೆಗೆ ತಾಗಿ ನೀರಾಗಿತ್ತು. ಮೂರು ಜನ ಮಲಗಿದ್ದ ನಮ್ಮ ಟೆಂಟು "ನಾಲ್ಕು ಜನರದ್ದು". ಅಂದರೆ ಭುಜಕ್ಕೆ ಭುಜ ತಾಗಿಸಿ ನಾಲ್ಕು ಹಾಸಿಗೆ ಹಾಸಬಹುದು, ಅಷ್ಟೇ. ಬ್ಯಾಗು ಗೋಡೆಗೆ ತಾಗಿ ಕಾಲ ಕಡೆ ನೆಂದಿತ್ತು. ಬಿಸಿಲಿಗೆ ಹಾಕಿದೆವು, ಅರ್ಧ ಒಣಗಿತು. ಸಂಜೆ ಸೊಳ್ಳೆ. ಅದರ ಬಗ್ಗೆ ಹೇಳುವುದೇನಿದೆ, ನಿಂತ ನೀರಿನ ಪಕ್ಕ ಹೋಗಿ ಮಲಗಿದ್ದು ನಾವು.

ಶಬ್ದದ ಬಗ್ಗೆ ಮಾತ್ರ ಒಂದು ಮಾತು. ಎದುರು ದಡದಲ್ಲಿ ಯಾರೋ ಹಾಡು ಹಾಕಿಕೊಂಡು ಕುಣಿಯುತ್ತಿದ್ದರು. ದೂರ ನೋಡಿದರೆ ಅವರ ದೀಪಗಳು ಚುಕ್ಕಿಯಷ್ಟು. ಆದರೆ ಅವರು ಆಡುವ ಮಾತು ಕೂಡ ಪಕ್ಕದಲ್ಲೇ ಕೂತು ಆಡಿದ ಹಾಗೆ ಕೇಳಿಸುತ್ತಿತ್ತು. ಒಬ್ಬರಿಗೊಬ್ಬರು ಕೊಡಬೇಕಾದ ಸಾಲದ ವಿಷಯವೆಲ್ಲ ನಮಗೆ ಗೊತ್ತಾಯಿತು. ರಾತ್ರಿ ನೀರಿಗೆ ತಾಗಿದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿದ್ದರೆ ಶಬ್ದ ಮೇಲಕ್ಕೆ ಹೋಗದೆ ಬಾಗಿ ಕೆಳಗೇ ಬರುತ್ತದೆ. ನಾವು ಮಗಳ ಮೇಲೆ ರೇಗಿದ್ದೂ ಅವರಿಗೆ ಕೇಳಿಸಿರಬೇಕು.

ಹನ್ನೆರಡಕ್ಕೆ ಗುಡುಗು ಶುರುವಾಯಿತು. ಮಳೆ ಬಂದ ಹದಿನೈದು ನಿಮಿಷಕ್ಕೆ ಬೆನ್ನ ಕೆಳಗೆ ಏನೋ ಅಲ್ಲಾಡಿತು. ಕೈ ಇಟ್ಟು ಒತ್ತಿದರೆ ಟೆಂಟಿನ ನೆಲ ನೀರಿನ ಚೀಲದ ಹಾಗೆ ಪುಳಕ್ ಅಂತು. ಇದಕ್ಕೂ ನಾನೇ ಕಾರಣ. ನೆಲ ತಂಪು ಅಂತ ಟೆಂಟಿನ ಅಡಿಗೆ ದೊಡ್ಡ ಪ್ಲಾಸ್ಟಿಕ್ ಹಾಳೆ ಹಾಸಿದ್ದೆ. ಸುತ್ತಲೂ ಒಂದೊಂದು ಅಡಿ ಹೊರಗೆ ಚಾಚಿತ್ತು. ಮೇಲಿಂದ ಜಾರಿದ ಮಳೆಯನ್ನೆಲ್ಲ ಆ ಅಂಚು ಹಿಡಿದು ನೇರ ಟೆಂಟಿನ ಅಡಿಗೆ ಕಳಿಸುತ್ತಿತ್ತು. ಹಾಳೆ ಟೆಂಟಿನ ತಳಕ್ಕಿಂತ ಎಲ್ಲ ಕಡೆಯೂ ಸ್ವಲ್ಪ ಚಿಕ್ಕದಿರಬೇಕು, ಉಳಿದದ್ದನ್ನು ಒಳಗೆ ಮಡಚಬೇಕು. ಇನ್ನು ದಿಬ್ಬದ ಮಳೆ ನೀರು ಕೆರೆಗೆ ಹೋಗುವ ದಾರಿ ಯಾವುದು ಅಂತ ಕೇಳಬೇಡಿ. ನಾವು ಅದರ ಮೇಲೇ ಮಲಗಿದ್ದೆವು. ಮರಳು ನೆಲದಲ್ಲಿ ಹೊಡೆದ ಗೂಟಗಳು ಬೆಣ್ಣೆಯಿಂದ ಎದ್ದ ಹಾಗೆ ಎದ್ದು ಬಂದವು. ಗೆಳೆಯನ ಟೆಂಟು ಒಂದು ಕಡೆ ವಾಲಿ ಅವರ ಮೈಮೇಲೇ ಕೂತಿತು.

ಸಿಡಿಲಿನಿಂದ ಟೆಂಟು ಕಾಪಾಡುವುದಿಲ್ಲ. ಲೋಹದ ಮಾಡು ಇರುವ ಕಾರು ಕಾಪಾಡುತ್ತದೆ. ಓಡಿ ಹೋಗಿ ಕೂತೆವು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವ ತನಕ ಇಳಿಯಬಾರದು ಅಂತಾರೆ, ನಾವು ಬೆಳಗಾಗುವ ತನಕ ಇಳಿಯಲಿಲ್ಲ. ಹಿಂದಿನ ಸಾಲಿನವರು ಬೆಳಿಗ್ಗೆ ಟೆಂಟಿನಿಂದ ಮೈಮುರಿಯುತ್ತಾ ಎದ್ದು ಬಂದರು. ಅವರ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಮೂರನೇ ರಾತ್ರಿಯ ದುಡ್ಡು ವಾಪಸ್ ಕೇಳಿದೆವು. ಹವಾಮಾನದ ಕಾರಣಕ್ಕೆ ಹಣ ಹಿಂತಿರುಗಿಸುವುದಿಲ್ಲ ಅಂತ ಷರತ್ತಿನಲ್ಲಿ ಬರೆದಿತ್ತು, ಓದದೆ ಒಪ್ಪಿಗೆ ಒತ್ತಿದ್ದೆವು. ಪಾಚಿಯ ವಿಷಯ ಮುಂಚೆಯೇ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಲಿಲ್ಲ" ಅಂದರು. ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ನಾವು ಕೇಳಲಿಲ್ಲ ಅನ್ನುವುದೂ ನಿಜ.

ಈಗ ಕೇಳುತ್ತೇವೆ. ಹೋದ ವಾರ ಬೇರೊಂದು ಕಡೆ ಫೋನ್ ಮಾಡಿದ್ದೆ. ಈ ವಾರ ನೀರಿನ ಬಣ್ಣ ಏನು, ಇವತ್ತು ತೆಗೆದ ಒಂದು ಫೋಟೋ ಕಳಿಸಿ ಅಂದೆ. ಕುಡಿಯುವ ನೀರು ಎಲ್ಲಿಂದ, ಮಳೆ ಬಂದರೆ ನೀರು ಯಾವ ಕಡೆ ಹರಿಯುತ್ತೆ, ರಾತ್ರಿ ನಡುವೆ ಹೊರಡಬೇಕಾದರೆ ಗೇಟಿಗೆ ಬೀಗ ಹಾಕಿರುತ್ತಾರಾ ಅಂತೆಲ್ಲ ಕೇಳಿದೆ. ಅಣೆಕಟ್ಟಿನ ಹಿನ್ನೀರಾದರೆ ಮಟ್ಟ ಯಾವಾಗ ಏರುತ್ತೆ ಅಂತಲೂ ಕೇಳಬೇಕು. ಆ ಜಾಗದ ಬೇರೆ ಬೇರೆ ತಿಂಗಳ ಉಪಗ್ರಹ ಚಿತ್ರಗಳನ್ನು ನೋಡಿದರೆ ನೀರು ಎಲ್ಲಿಯವರೆಗೆ ಬರುತ್ತೆ, ಎಷ್ಟು ಹಿಂದೆ ಸರಿಯುತ್ತೆ ಅಂತ ಗೊತ್ತಾಗುತ್ತದೆ. ಕೊನೆಗೆ, ನೀರಿನಿಂದ ದೂರದ ಜಾಗ ಇದೆಯಾ ಅಂದೆ. ಹೋದ ಜಾಗದಲ್ಲಿ ಗುರುತೇ ಉಳಿಸದೆ ಬರಬೇಕು ಅನ್ನುವ ಲೀವ್ ನೋ ಟ್ರೇಸ್ ನಿಯಮಗಳಲ್ಲಿ ಕೆರೆ, ಹೊಳೆಯಿಂದ 200 ಅಡಿ, ಅಂದರೆ ಸುಮಾರು 60 ಮೀಟರ್ ದೂರ ಟೆಂಟು ಹಾಕಿ ಅಂತಿದೆ. ಅದು ದಡ ಹಾಳಾಗಬಾರದು, ಪ್ರಾಣಿಗಳು ನೀರಿಗೆ ಬರುವ ದಾರಿಗೆ ಅಡ್ಡಿಯಾಗಬಾರದು ಅಂತ. ನಮ್ಮ ಬೆನ್ನಿಗೂ ಅದೇ ಒಳ್ಳೆಯದು.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎಲ್ಲರೂ ನೀರಿನ ಪಕ್ಕವೇ ಕೇಳ್ತಾರೆ ಸರ್, ಗ್ಯಾರಂಟಿ ದೂರದ್ದೇ ಬೇಕಾ?" ಅಂದರು.

ಅಂದ ಹಾಗೆ ಒದ್ದೆ ಟೆಂಟನ್ನು ಮಡಚಿ ಕಾರಿನ ಡಿಕ್ಕಿಯಲ್ಲಿ ಹಾಕಿ ಮರೆಯಬೇಡಿ. ನಾವು ನಾಲ್ಕು ದಿನ ಬಿಟ್ಟು ತೆಗೆದೆವು. ಮೂಲೆಗಳಲ್ಲೆಲ್ಲ ಕಪ್ಪು ಬೂಷ್ಟು, ಎರಡು ಸಲ ತೊಳೆದರೂ ವಾಸನೆ ಹಾಗೇ ಇದೆ. ಈಗ ಅದು ತಾರಸಿಯ ಹಗ್ಗದ ಮೇಲೆ ನೇತಾಡುತ್ತಿದೆ. ಜಿಪ್ಪಿನ ಹತ್ತಿರ ಒಲೆ ಇಟ್ಟಿದ್ದ ಕಡೆ ನೆಲದ ಬಟ್ಟೆ ತಟ್ಟೆಯಷ್ಟು ಅಗಲಕ್ಕೆ ಕಂದಿ ಸುಕ್ಕಾಗಿದೆ.