ಕ್ಯಾಪಿಟಲ್ ಟೂರ್: ದುಡ್ಡು ಕೊಡಬೇಡಿ, ಆದರೆ ಹೋಗಿ ಬನ್ನಿ

ವಾಷಿಂಗ್ಟನ್‌ಗೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಸಂಸತ್ ಭವನ, ಅಂದರೆ ಕ್ಯಾಪಿಟಲ್, ಒಳಗೆ ನೋಡೋಕೆ ನಯಾಪೈಸೆ ಖರ್ಚಿಲ್ಲ. ಅವರದೇ ವೆಬ್‌ಸೈಟಿನಲ್ಲಿ ಬುಕ್ ಮಾಡಿದರೆ ಆಯ್ತು. ನಾನು ಇದು ಗೊತ್ತಿಲ್ಲದೆ ತಲೆಗೆ 59 ಡಾಲರ್‌ನಂತೆ ಕೊಟ್ಟು ಒಂದು ಖಾಸಗಿ ಕಂಪನಿಯ ಟೂರ್ ತಗೊಂಡೆ. ಹೆಸರು ಬೇಡ ಬಿಡಿ. ಅವರ ಗೈಡ್ ಹೊರಗಡೆ ಒಂದೂವರೆ ಗಂಟೆ ಸುತ್ತಾಡಿಸಿ ಬಾಗಿಲವರೆಗೆ ಬಿಟ್ಟು ಹೋಗುತ್ತಾನೆ. ಒಳಗೆ ಕೆಂಪು ಕೋಟಿನ ಸರ್ಕಾರಿ ಗೈಡ್ ಸಿಗುತ್ತಾರೆ, ಅದು ಎಲ್ಲರಿಗೂ ಪುಕ್ಕಟೆ.

ನಾನು ಮೋಸ ಹೋಗಿದ್ದು ಜಾಹೀರಾತಿನ ಒಂದೇ ಒಂದು ಸಾಲಿಗೆ. "2021ರ ಜನವರಿ 6ರ ಜಾಗಗಳನ್ನು ತೋರಿಸುತ್ತೇವೆ" ಅಂತ ಇತ್ತು. ಚುನಾವಣೆ ಸೋತ ಟ್ರಂಪ್ ಬೆಂಬಲಿಗರು ಇದೇ ಭವನಕ್ಕೆ ನುಗ್ಗಿದ ದಿನ ಅದು. ಆವತ್ತು ರಾತ್ರಿ ನಮ್ಮಲ್ಲಿ ಟಿವಿ ಮುಂದೆ ಕೂತು, ಜನ ಗೋಡೆ ಹತ್ತೋದನ್ನು ಕಣ್ಣುಬಿಟ್ಟು ನೋಡಿದವನು ನಾನು. ಜೊತೆಗೆ ಬಂದಿದ್ದು ನಮ್ಮ ಭಾವ. ವರ್ಜೀನಿಯಾದಲ್ಲಿ ಹದಿನೈದು ವರ್ಷದಿಂದ ಇದ್ದಾರೆ, ಒಳ್ಳೆಯವರು, ವಾಟ್ಸಾಪ್‌ನಲ್ಲಿ ಬಂದಿದ್ದನ್ನೆಲ್ಲ ನಂಬುತ್ತಾರೆ.

ಗೈಡ್ ಮಾತುಗಾರ, ಅದರಲ್ಲಿ ಎರಡು ಮಾತಿಲ್ಲ. 1814ರಲ್ಲಿ ಬ್ರಿಟಿಷ್ ಸೈನಿಕರು ಬಂದು ಈ ಕಟ್ಟಡಕ್ಕೆ ಬೆಂಕಿ ಇಟ್ಟ ಕಥೆಯನ್ನು ಎಷ್ಟು ಚೆನ್ನಾಗಿ ಹೇಳಿದ ಅಂದರೆ ಹೊಗೆ ವಾಸನೆ ಬಂದಂತಾಯ್ತು. ಯಾರು ಬಂದರು, ಯಾಕೆ ಬಂದರು, ಆಮೇಲೆ ಮಳೆ ಹೇಗೆ ಸುರಿಯಿತು, ಎಲ್ಲ ಹೇಳಿದ. ಪಶ್ಚಿಮ ದಿಕ್ಕಿನ ಪೀಸ್ ಮಾನ್ಯುಮೆಂಟ್ ಹತ್ತಿರ ಬಂದ ತಕ್ಷಣ ಆಸಾಮಿಯ ದನಿಯೇ ಬದಲಾಯ್ತು. ಜನವರಿ 6ರ ಮಧ್ಯಾಹ್ನ 12.53ರ ಹೊತ್ತಿಗೆ ಮೊದಲ ತಡೆಬೇಲಿ ಬಿದ್ದಿದ್ದು ಇಲ್ಲೇ. ಆವತ್ತು ಬೆಂಬಲಿಗರ ಮುಂದೆ ಟ್ರಂಪ್ ಮಾಡುತ್ತಿದ್ದ ಭಾಷಣ ಆಗಿನ್ನೂ ಮುಗಿದಿರಲಿಲ್ಲ. ಗೈಡ್ ಹೇಳಿದ್ದು ಇಷ್ಟೇ: "ಆ ದಿನದ ಘಟನೆಗಳ ಬಗ್ಗೆ ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಅಭಿಪ್ರಾಯ ಇದೆ." ಮುಗೀತು. ದಂಗೆ ಅಲ್ಲ, ದಾಳಿ ಅಲ್ಲ, ಗಲಭೆ ಕೂಡ ಅಲ್ಲ. ಬರೀ "ಘಟನೆಗಳು".

ನಮ್ಮ ಗುಂಪಿನಲ್ಲಿದ್ದ ವಯಸ್ಸಾದ ಒಬ್ಬರು ಸುಮ್ಮನಿರಲಿಲ್ಲ. "ಟೂರಿಸ್ಟ್‌ಗಳು ಕಣ್ರೀ ಅವರೆಲ್ಲ, ಪಾಪ, ಜೈಲಿಗೆ ಹಾಕಿದರು" ಅನ್ನೋ ಅರ್ಥದಲ್ಲಿ ಏನೋ ಅಂದರು. ಹಿಂದೆ ನಿಂತಿದ್ದ ಹೆಂಗಸು ತಿರುಗಿ, 140ರಷ್ಟು ಪೊಲೀಸರಿಗೆ ಏಟು ಬಿದ್ದಿದ್ದು ಯಾರಿಂದ ಹಾಗಾದರೆ ಅಂತ ಕೇಳಿದರು. ಗೈಡ್ ವಾಚ್ ನೋಡಿಕೊಂಡ. ನಾವೆಲ್ಲ ಮುಂದಿನ ಪ್ರತಿಮೆಯ ಕಡೆ ನಡೆದೆವು. 59 ಡಾಲರ್!

ಅವನ ಕಷ್ಟ ನನಗೂ ಅರ್ಥ ಆಗುತ್ತೆ, ಟಿಪ್ಸ್ ಮೇಲೆ ಬದುಕೋ ಹುಡುಗ, ಯಾವ ಟೋಪಿಯವರು ಯಾವ ಕಡೆಯೋ ಏನು ಗೊತ್ತು. ಆವತ್ತು ನಡೆದದ್ದರ ಅರ್ಥ ಏನು ಅಂತ ಜಗಳ ಆಡಲಿ, ಬೇಡ ಅಂದವರಾರು? ಆದರೆ ನಡೆದದ್ದೇ ಅಭಿಪ್ರಾಯ ಆಗಿಬಿಟ್ಟರೆ ಹೇಗೆ? 2020ರ ಅಧ್ಯಕ್ಷ ಚುನಾವಣೆಯಲ್ಲಿ ಬೈಡನ್‌ಗೆ 306, ಟ್ರಂಪ್‌ಗೆ 232 ಎಲೆಕ್ಟೋರಲ್ ಮತ, ಅಂದರೆ ರಾಜ್ಯಗಳ ಲೆಕ್ಕದಲ್ಲಿ ಸಿಗೋ ಮತ, ಬಂದಿತ್ತು. ಅದನ್ನು ಇದೇ ಭವನದಲ್ಲಿ ಎಣಿಸೋ ದಿನವೇ ಇದೆಲ್ಲ ಆಗಿದ್ದು, ಎಣಿಕೆ ಮುಗಿದಿದ್ದು ಮರುದಿನ ಬೆಳಗಿನ ಜಾವ. 1,500ಕ್ಕೂ ಜಾಸ್ತಿ ಜನರ ಮೇಲೆ ಕೇಸ್ ಹಾಕಿದರು, ಸಾಕ್ಷಿಗೆ ಎಷ್ಟೋ ಕಡೆ ಅವರೇ ಹಿಡಿದ ವಿಡಿಯೋ. 2025ರ ಜನವರಿ 20ರಂದು ಟ್ರಂಪ್ ಹೆಚ್ಚುಕಡಿಮೆ ಎಲ್ಲರಿಗೂ ಕ್ಷಮೆ ಕೊಟ್ಟರು. ಕೆಲವೇ ದಿನದಲ್ಲಿ ಆ ಕೇಸುಗಳ ಪಟ್ಟಿಯೂ ನ್ಯಾಯ ಇಲಾಖೆಯ ವೆಬ್‌ಸೈಟಿನಿಂದ ಮಾಯ. ಕಾದಾಡಿದ ಪೊಲೀಸರ ನೆನಪಿಗೆ ಒಂದು ಫಲಕ ಹಾಕಬೇಕು ಅಂತ 2022ರಲ್ಲಿ ಕಾಯ್ದೆಯನ್ನೇ ಮಾಡಿದ್ದರು, ಒಂದು ವರ್ಷದ ಗಡುವು. ಗಡುವು ಮುಗಿದು ಎರಡು ವರ್ಷ ಆದರೂ ಫಲಕ ಗೋಡೆ ಹತ್ತಿರಲಿಲ್ಲ. 2025ರಲ್ಲಿ ಇಬ್ಬರು ಪೊಲೀಸರು ಕೋರ್ಟ್ ಮೆಟ್ಟಿಲು ಹತ್ತಿದರು. ಇಂಥ ಕಥೆ ಇಟ್ಟುಕೊಂಡು ಗೈಡ್ ನಮಗೆ ಮರಗಳ ಹೆಸರು ಹೇಳಿಕೊಡುತ್ತಿದ್ದ.

ಆಗ ಭಾವ ಕಿವಿ ಹತ್ತಿರ ಬಂದು, "ಲೋ, ಇದೆಲ್ಲ ಎಫ್‌ಬಿಐ ಮಾಡಿಸಿದ್ದು, ನಿಂಗೊತ್ತಿಲ್ಲ" ಅಂದರು.

"ಅಲ್ಲ ಭಾವ, ಅದರ ಮೇಲೆ ತನಿಖೆ ಆಗಿ ವರದಿಯೇ ಬಂದಿದೆ. 2024ರ ಡಿಸೆಂಬರ್‌ನಲ್ಲಿ. ಎಫ್‌ಬಿಐಗೆ ಸುದ್ದಿ ಕೊಡೋ 26 ಜನ ಆವತ್ತು ಊರಲ್ಲಿದ್ದರು ನಿಜ. ಅದರಲ್ಲಿ ಮೂರೇ ಜನಕ್ಕೆ ಹೋಗಿ ಅಂತ ಹೇಳಿದ್ದು. ಒಳಗೆ ನುಗ್ಗು, ಗಲಾಟೆ ಎಬ್ಬಿಸು ಅಂತ ಯಾರಿಗೂ ಹೇಳಿರಲಿಲ್ಲ."

"ಮತ್ತೆ ಆ ಅರಿಜೋನಾದವನು?"

ಭಾವ ಹೇಳಿದ್ದು ರೇ ಎಪ್ಸ್ ಅನ್ನೋನ ಬಗ್ಗೆ, ಆವತ್ತಿನ ಗುಂಪಿನಲ್ಲಿದ್ದ ಒಬ್ಬ ಟ್ರಂಪ್ ಬೆಂಬಲಿಗ. ಅವನು ಎಫ್‌ಬಿಐ ಏಜೆಂಟ್ ಅಂತ ಎಷ್ಟು ಸುದ್ದಿ ಹಬ್ಬಿತು ಅಂದರೆ ಮನುಷ್ಯ ಮನೆ ಮಾರಿಕೊಂಡು ಊರು ಬಿಟ್ಟ. ಕೊನೆಗೆ ಅವನ ಮೇಲೂ ಕೇಸ್ ಆಯ್ತು, ತಪ್ಪೊಪ್ಪಿಕೊಂಡ, 2024ರಲ್ಲಿ ಶಿಕ್ಷೆಯೂ ಆಯ್ತು. ಭಾವ "ಹೂಂ" ಅಂದರು, ಅಷ್ಟೇ.

ಸೆಕ್ಯುರಿಟಿ ಬಗ್ಗೆ: ತಿಂಡಿ ಒಯ್ಯೋ ಹಾಗಿಲ್ಲ, ಬಾಟಲಿಯಲ್ಲಿ ಹನಿ ನೀರು ಇರೋ ಹಾಗಿಲ್ಲ. ಹೊರಗೇ ನಿಂತು ಗಟಗಟ ಕುಡಿದು ಮುಗಿಸಿದೆ. ಜನವರಿ 6ರಂದು ಪೊಲೀಸರಿಂದಲೇ ಕಿತ್ತುಕೊಂಡ ಗುರಾಣಿಯಿಂದ ಕಿಟಕಿ ಒಡೆದು ಒಳಗೆ ಹಾರಿದ್ದರು, ಅದು ನೆನಪಾಗಿ ನಗು ಬಂತು.

ಒಳಗಿನ ಟೂರ್ ಮಾತ್ರ ಮಸ್ತ್. ಕೆಳಗೆ ಕ್ರಿಪ್ಟ್ ಅನ್ನೋ ಕೋಣೆಯಲ್ಲಿ 40 ಕಂಬ, ಮೇಲೆ ಗೋಪುರದ ಕೆಳಗೆ ಕತ್ತೆತ್ತಿ ನಿಂತರೆ ಕತ್ತು ನೋಯಬೇಕು. ನನಗೆ ಜಾಸ್ತಿ ಹಿಡಿಸಿದ್ದು ಸ್ಟ್ಯಾಚ್ಯುರಿ ಹಾಲ್. ಸುತ್ತ ಪ್ರತಿಮೆ, ನಡುವೆ ಕಂಬ ನೆಟ್ಟು ಹಗ್ಗ ಕಟ್ಟಿದ ದಾರಿ. ಜನವರಿ 6ರ ವಿಡಿಯೋ ಒಂದರಲ್ಲಿ ಜನ ಇದೇ ಹಾಲ್‌ನಲ್ಲಿ ಹಗ್ಗದ ಒಳಗೇ ಸಾಲಾಗಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ತುಣುಕನ್ನು ಹಿಡಿದೇ ಜಾರ್ಜಿಯಾದ ಸಂಸದ ಆಂಡ್ರ್ಯೂ ಕ್ಲೈಡ್ 2021ರ ಮೇ ತಿಂಗಳಲ್ಲಿ, ಜನವರಿ 6 ಅಂತ ಗೊತ್ತಿಲ್ಲದಿದ್ದರೆ ಇದನ್ನು ಸಾಮಾನ್ಯ ಪ್ರವಾಸಿ ಭೇಟಿ ಅಂದುಕೊಳ್ಳುತ್ತಿದ್ದಿರಿ ಅಂದಿದ್ದು. ತುಣುಕು ಸುಳ್ಳಲ್ಲ. ಅವರು ಹೇಗೆ ಒಳಗೆ ಬಂದರು ಅನ್ನೋದು ಆ ತುಣುಕಿನಲ್ಲಿ ಇಲ್ಲ, ಅಷ್ಟೇ. ಆ ಹಗ್ಗ ಮುಟ್ಟಿ ನೋಡಿದೆ, ಕೆಂಪು ಕೋಟಿನವರು ಕಣ್ಣು ಬಿಟ್ಟರು.

ಅದೇ ಹಾಲ್‌ನಲ್ಲಿ ಒಂದು ಜಾಗದಲ್ಲಿ ನಿಂತು ಪಿಸುಗುಟ್ಟಿದರೆ ಆಚೆ ಬದಿಯವರಿಗೆ ಸ್ಪಷ್ಟವಾಗಿ ಕೇಳುತ್ತೆ, ಮಧ್ಯದಲ್ಲಿ ಇರೋರಿಗೆ ಏನೂ ಕೇಳಲ್ಲ. ಮಕ್ಕಳಿದ್ದರೆ ಬಿಡಬೇಡಿ.

ಒಳಗಿನ ಪುಕ್ಕಟೆ ಟೂರ್‌ಗೆ ಐದಕ್ಕೆ ಐದು. ಹೊರಗಿನ ಕಂಪನಿಗೆ ಐದಕ್ಕೆ ಎರಡು, ಅದೂ 1814ರ ಬೆಂಕಿಗಾಗಿ. ಒಳ್ಳೆ ಶೂ ಹಾಕ್ಕೊಂಡು ಹೋಗಿ. ಸಮಯ ಇದ್ದರೆ ಸುರಂಗದ ದಾರಿಯಲ್ಲಿ ಪಕ್ಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೂ ಹೋಗಬಹುದು.

ವಾಪಸ್ ಮೆಟ್ರೋದಲ್ಲಿ ಭಾವ ಮನೆಗೆ ಫೋನ್ ಮಾಡಿದರು. ಅಕ್ಕ ಆ ಕಡೆ ಏನು ಕೇಳಿದಳೋ. "ಚೆನ್ನಾಗಿತ್ತು ಕಣೇ," ಅಂದರು, "ನಿನ್ನ ತಮ್ಮನೇ ಹೇಳಿದ, ಎಫ್‌ಬಿಐಯವರು 26 ಜನ ಇದ್ರಂತೆ."