ಶಿವರಾಂಪೇಟೆಯ ಹಳೇ ರೇಡಿಯೊ ಅಂಗಡಿ: ಕೇಳಿಸಿದ ಮೇಲೇ ಮಾರಾಟ

ಹಳೇ ರೇಡಿಯೊ, ಟೇಪ್ ರೆಕಾರ್ಡರ್ ಮಾರುವವರು ಈಗ ಎಲ್ಲ ಕಡೆ ಇದ್ದಾರೆ. ಮರದ ಡಬ್ಬಿಗೆ ಪಾಲಿಶ್ ಹೊಡೆದು, ಒಳಗೊಂದು ಬಲ್ಬ್ ಉರಿಸಿ, ಫೋಟೊ ಹಾಕಿ ಎಂಟು ಹತ್ತು ಸಾವಿರ ಹೇಳುತ್ತಾರೆ. ಹಾಡುತ್ತಾ ಅಂತ ಕೇಳಿದರೆ ‘ಶೋಪೀಸ್ ಸಾರ್’ ಅನ್ನುತ್ತಾರೆ. ಮೈಸೂರಿನ ಶಿವರಾಂಪೇಟೆ ಗಲ್ಲಿಯೊಂದರ ಈ ಅಂಗಡಿ ಹಾಗಲ್ಲ. ಬೋರ್ಡೂ ಇಲ್ಲ, ಹೆಸರೂ ಇಲ್ಲ. ರೇಡಿಯೊ ರಿಪೇರಿಯವರು ಎಲ್ಲಿ ಅಂತ ಕೇಳಿದರೆ ಅಕ್ಕಪಕ್ಕದವರು ತೋರಿಸುತ್ತಾರೆ. ಇಲ್ಲಿ ಸೆಟ್ ಮೇಲೆ ಧೂಳು ಇರುತ್ತದೆ, ಗೀರು ಇರುತ್ತದೆ, ಕೆಲವಕ್ಕೆ ಗುಬುಟೇ ಇರುವುದಿಲ್ಲ. ಆದರೆ ನಿಮ್ಮ ಎದುರಿಗೆ ಓಡಿಸಿ ಕೇಳಿಸದೆ ಒಂದನ್ನೂ ಕೊಡುವುದಿಲ್ಲ. ‘ಮೊದ್ಲು ಕೇಳಪ್ಪ, ಆಮೇಲೆ ದುಡ್ಡಿನ ಮಾತು’ ಅನ್ನುತ್ತಾರೆ ಯಜಮಾನರು.

ವಾಲ್ವ್ ರೇಡಿಯೊ (ಟ್ರಾನ್ಸಿಸ್ಟರ್‌ಗೂ ಮುಂಚಿನ, ಒಳಗೆ ಗಾಜಿನ ಕೊಳವೆ ಇರುವ ಸೆಟ್) ಓಡಿಸುವುದನ್ನು ನೋಡಲಿಕ್ಕಾದರೂ ಹೋಗಬೇಕು. ನೇರವಾಗಿ ಪ್ಲಗ್‌ಗೆ ಹಾಕುವುದೇ ಇಲ್ಲ. ಸೀರೀಸ್ ಬೋರ್ಡಿನಲ್ಲಿ ಹಳೇ ಕಾಲದ ಬಲ್ಬ್ ಒಂದರ ಮೂಲಕ ಕರೆಂಟ್ ಕೊಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಸೆಟ್ ಬಚಾವ್. ಮಂಕಾಗಿ ಉರಿದರೆ ಮಾತ್ರ ಮುಂದಿನ ಕೆಲಸ. ವಾಲ್ವ್ ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು, ಆಮೇಲೆ ನಿಧಾನಕ್ಕೆ ದನಿ ಬರುತ್ತದೆ, ಸ್ಟೇಷನ್ ಸರಿಯಾಗಿ ಸಿಕ್ಕಿತಾ ಅಂತ ತೋರಿಸುವ ‘ಮ್ಯಾಜಿಕ್ ಐ’ ಇರುವ ಸೆಟ್ಟಾದರೆ ಹಸಿರು ಬೆಳಕೂ ಬರುತ್ತದೆ. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ಕಿವಿ ಕೊಡಿ ಅನ್ನುತ್ತಾರೆ. ಆಗಲೂ ಗುಂಯ್ ಅಂತಿದ್ದರೆ ಕರೆಂಟಿನ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರ್ ಒಣಗಿರುವ ಸಾಧ್ಯತೆ ಜಾಸ್ತಿ, ಅದನ್ನು ಬದಲಾಯಿಸಿಯೇ ಕೊಡುತ್ತಾರೆ. ಅಂದಹಾಗೆ ಈ ಸೆಟ್‌ಗಳ ಒಳಗೆ ಇನ್ನೂರು ವೋಲ್ಟ್‌ಗಿಂತ ಜಾಸ್ತಿ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕಂಡೆನ್ಸರ್‌ನಲ್ಲಿ ಉಳಿದಿರಬಹುದು. ಮನೆಯಲ್ಲಿ ಸುಮ್ನೆ ಬಿಚ್ಚಿ ಕೈ ಹಾಕಬೇಡಿ.

ಡಯಲ್ ಮೇಲೆ ಕಿಲೋಹರ್ಟ್ಜ್ ಬದಲು ಮೀಟರ್ ಲೆಕ್ಕ (ಅಲೆಯ ಉದ್ದ) ಇದ್ದರೆ ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಜ್ ಸಿಗಬೇಕಾದ್ದು 490ರ ಹತ್ತಿರ. ಹಗಲಲ್ಲಿ ಅಕ್ಕಪಕ್ಕದ ಅಂಗಡಿಗಳ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗಲಾಟೆಯಲ್ಲಿ ಅದನ್ನು ಹಿಡಿಯುವುದೇ ಒಂದು ಸಾಹಸ. ಮೈಸೂರು ಆಕಾಶವಾಣಿಯೋ, 100.6 ಎಫ್‌ಎಂ. ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ ಇರುವ ಹಳೇ ಪೆಟ್ಟಿಗೆಗೆ ಅದು ಸಿಗುವುದೇ ಇಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ‘ಆಕಾಶವಾಣಿ’ ಶುರು ಮಾಡಿದ ಊರು ಇದು. ಇದೇ ಊರಲ್ಲಿ ಅಜ್ಜನ ರೇಡಿಯೊಗೆ ಊರಿನ ಸ್ಟೇಷನ್ ಇಲ್ಲ! ಇದನ್ನು ಯಜಮಾನರು ಮೊದಲೇ ಹೇಳಿಬಿಡುತ್ತಾರೆ.

ಅವರ ನಿಜವಾದ ಕೈಚಳಕ ಇರುವುದು ಕ್ಯಾಸೆಟ್‌ನಲ್ಲಿ. ಟೂ-ಇನ್-ಒನ್ (ರೇಡಿಯೊ, ಕ್ಯಾಸೆಟ್ ಎರಡೂ ಇರುವ ಸೆಟ್) ತೋರಿಸುವಾಗ ಬೇರೆಯವರು ಡಬ್ ಡಬ್ ಅನ್ನುವ ಹಾಡು ಹಾಕುತ್ತಾರೆ, ಅದರಲ್ಲಿ ಯಾವ ದೋಷವೂ ಗೊತ್ತಾಗುವುದಿಲ್ಲ. ಇವರು ಬರೀ ತಂಬೂರಿ ಶ್ರುತಿಯ ಕ್ಯಾಸೆಟ್ ಹಾಕುತ್ತಾರೆ. ಶ್ರುತಿ ಅಲುಗಾಡಿದರೆ ಬೆಲ್ಟ್ ಸಡಿಲ ಆಗಿದೆ ಅಥವಾ ಟೇಪ್ ಒತ್ತಿ ಹಿಡಿಯುವ ರಬ್ಬರ್ ಚಕ್ರ ಗಟ್ಟಿಯಾಗಿದೆ. ಶ್ರುತಿ ನಿಂತಿದೆ ಆದರೆ ಮೇಲೋ ಕೆಳಗೋ ಇದೆ ಅಂದರೆ ಮೋಟಾರ್ ವೇಗ ತಪ್ಪಿದೆ. 1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ತಂದಾಗಿನಿಂದ ಟೇಪ್ ಓಡಬೇಕಾದ್ದು ಸೆಕೆಂಡಿಗೆ 4.76 ಸೆಂಟಿಮೀಟರ್. ಅದು ಶೇಕಡ 6ರಷ್ಟು ಜಾಸ್ತಿಯಾದರೆ ಹಾಡು ಅರ್ಧ ಸ್ವರ ಮೇಲೆ ಹೋಗುತ್ತದೆ. ಸಂಗೀತ ಕಲಿತವರಿಗೆ ಇದು ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಕೊನೆಗೆ ಟೇಪ್ ಓದುವ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಹಾಡು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸುತ್ತಾರೆ, ಅಲ್ಲಿಯವರೆಗೆ ಕಂಬಳಿ ಹೊದ್ದಂತಿದ್ದ ತಾಳದ ಸದ್ದು ತಟ್ಟನೆ ಬಿಡಿಸಿಕೊಳ್ಳುತ್ತದೆ. ನಮ್ಮ ಮನೆಯ ಸೆಟ್‌ಗೆ ಬೆಲ್ಟ್ ಹಾಕಿ, ಹೆಡ್ ಕ್ಲೀನ್ ಮಾಡಿ 600 ರೂಪಾಯಿ ತೆಗೆದುಕೊಂಡರು. ಜಾಸ್ತಿ ಅನ್ನಿಸಲಿಲ್ಲ.

ಆನ್‌ಲೈನ್‌ನಲ್ಲಿ ಬರುವ ಹೊಸ ಕ್ಯಾಸೆಟ್ ಪ್ಲೇಯರ್ ಯಾಕಾಗಬಾರದು ಅಂತ ಕೇಳುವವರಿಗೆ ಒಂದೇ ಮಾತು. ಹೆಸರು ಹತ್ತಾರು ಇದ್ದರೂ ಬಹುಪಾಲಿನ ಒಳಗಿರುವುದು ಒಂದೇ ನಮೂನೆಯ ಅಗ್ಗದ ಯಂತ್ರ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿಯೂ ಇರುವುದಿಲ್ಲ. ಸರ್ವಿಸ್ ಆದ ಹಳೇ ಸೆಟ್ಟೇ ವಾಸಿ.

ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಒಂದು ಜಪಾನಿನ ದೊಡ್ಡ ಸ್ಟೀರಿಯೊ ವಿಚಾರದಲ್ಲಿ. ನೋಡಲು ರಾಜನ ಹಾಗಿತ್ತು, ನಾನು ದುಡ್ಡು ತೆಗೆಯಲು ರೆಡಿ. ಅವರೇ ತಡೆದರು. ‘ಇದು ಅವರ ದೇಶದೊಳಗೆ ಮಾರಿದ್ದು ಕಣಪ್ಪ, 100 ವೋಲ್ಟಿಂದು. ಟ್ರಾನ್ಸ್‌ಫಾರ್ಮರ್ ಇಲ್ದೆ ಹಾಕಿದ್ರೆ ಹೊಗೆ ಬರುತ್ತೆ. ಎಫ್‌ಎಂ 90ಕ್ಕೇ ಮುಗಿಯುತ್ತೆ, ಮೈಸೂರು ಸ್ಟೇಷನ್ ಬರಲ್ಲ.’ ಹೌದು, ಜಪಾನಿನಲ್ಲಿ ಎಫ್‌ಎಂ ಶುರುವಾಗುವುದೇ 76ರಿಂದ. ಮಾರುವವರು ಯಾರಾದರೂ ಇದನ್ನು ತಾವಾಗಿ ಹೇಳುತ್ತಾರಾ?

ಇನ್ನು ರೆಕಾರ್ಡ್ ಪ್ಲೇಯರ್. ಇಲ್ಲಿ ಮಾತ್ರ ನನಗೆ ಸಮಾಧಾನ ಇಲ್ಲ. ಮುಳ್ಳು ಕೂರುವ ಹಳೇ ಸೆರಾಮಿಕ್ ಕಾರ್ಟ್ರಿಜ್ ಎಷ್ಟೋ ಕಡೆ ತಿರುಗಿಸಿ ಹಾಕುವ ಮುಳ್ಳಿನದು, ಒಂದು ಬದಿ ಎಲ್‌ಪಿಗೆ, ಇನ್ನೊಂದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗೆ. 78ರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇಕು. ಇವರ ಡೆಮೊ ಪ್ಲೇಯರ್‌ನಲ್ಲಿ ಆ ಬದಿ ಮುರಿದಿದೆ. ಎಲ್‌ಪಿ ಮುಳ್ಳಲ್ಲೇ ಅರಗಿನ ಹಳೇ ತಟ್ಟೆಯನ್ನು ಓಡಿಸುತ್ತಾರೆ. ಮುಳ್ಳು ಗೆರೆಯ ತಳದಲ್ಲಿ ಕೊಸರಾಡಿಕೊಂಡು ಹೋಗುತ್ತದೆ, ಕರಕರ ಜಾಸ್ತಿ, ಹಾಡು ಕಮ್ಮಿ. ಹೇಳಿದರೆ ‘ಮುಳ್ಳು ಸಿಗಲ್ಲಪ್ಪ’ ಅನ್ನುತ್ತಾರೆ. ಸಿಗುವುದು ಕಷ್ಟ, ನಿಜ. ಆದರೆ ಹಾಗೆ ಕೇಳಿಸುವ ಬದಲು ಕೇಳಿಸದಿರುವುದೇ ಮೇಲು, ಅಲ್ವಾ?

ರಿಪೇರಿಗೆ ಕೊಟ್ಟರೆ ಹೇಳಿದ ದಿನಕ್ಕೆ ಸಿಗುತ್ತದೆ ಅಂತ ನಂಬಬೇಡಿ. ಬೆಲೆಯೂ ಗಟ್ಟಿ ಇಲ್ಲ, ಚೌಕಾಸಿ ಮಾಡಲೇಬೇಕು. ಒಳ್ಳೇ ಟೂ-ಇನ್-ಒನ್‌ಗೆ ನನಗೆ 4,500 ಹೇಳಿದರು, ಪಕ್ಕದಲ್ಲಿದ್ದ ಇನ್ನೊಬ್ಬರಿಗೆ ಅಂಥದ್ದೇ ಸೆಟ್‌ಗೆ ಐದೂವರೆ. 1979ರ ಮೊದಲ ವಾಕ್‌ಮನ್ ಸಿಗುತ್ತಾ ಅಂತ ಆಸೆಯಿಂದ ಬರಬೇಡಿ. ಇರುವುದೆಲ್ಲ ಆಮೇಲಿನ ಪ್ಲಾಸ್ಟಿಕ್ ಮಾಡೆಲ್‌ಗಳು, ಅದರಲ್ಲೂ ಅರ್ಧದಲ್ಲಿ ಸೆಲ್ ಸೋರಿ ಸ್ಪ್ರಿಂಗ್ ಹಸಿರು ಹಿಡಿದಿದೆ. ಸೆಲ್ ಹಾಕುವ ಮುಚ್ಚಳ ತೆಗೆದು ನೋಡಿಯೇ ಮುಂದುವರಿಯಿರಿ.

ಗಲ್ಲಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ, ನಡೆದು ಹೋಗುವುದು ಒಳ್ಳೆಯದು. ಹೋಗುವಾಗ ನಿಮ್ಮ ಮನೆಯ ಕ್ಯಾಸೆಟ್ ಒಂದು ಜೇಬಲ್ಲಿ ಇರಲಿ, ಚೆನ್ನಾಗಿ ಕೇಳಿ ಗೊತ್ತಿರುವುದು. ಅವರ ಹೆಡ್ ಅವರ ಕ್ಯಾಸೆಟ್‌ಗೆ ಹೊಂದಿಸಿದ್ದು. ನಿಮ್ಮದನ್ನು ಹಾಕಿಸಿ, ನಿಮ್ಮೆದುರಿಗೇ ಆ ಸ್ಕ್ರೂ ತಿರುಗಿಸಿಕೊಳ್ಳಿ. ಇದಕ್ಕೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ, ಖುಷಿಯಾಗುತ್ತಾರೆ.