ಗರ್ಭಕೋಶದ ಬಾಯಲ್ಲಿ ಹುಣ್ಣು ಅಂದ ಕೂಡಲೇ ಆಪರೇಷನ್‌ಗೆ ದುಡ್ಡು ಕಟ್ಟಬೇಡಿ

ಬರೆಯಲೋ ಬೇಡವೋ ಅಂತ ಎರಡು ವಾರ ಸುಮ್ಮನಿದ್ದೆ. ಇಂಥದ್ದನ್ನು ಮನೆಯಲ್ಲೇ ಜೋರಾಗಿ ಹೇಳಲು ನಾಚಿಕೆ. ಆದರೆ ನಮ್ಮ ಬೀದಿಯ ಇನ್ನೊಬ್ಬ ಅಕ್ಕನಿಗೂ ನಾನು ಹೋಗಿದ್ದ ನರ್ಸಿಂಗ್ ಹೋಮಿನಲ್ಲೇ ಅದೇ ಮಾತು ಹೇಳಿದ್ದಾರೆ ಅಂತ ನಿನ್ನೆ ಗೊತ್ತಾಯಿತು.

ನನಗೆ 34 ವರ್ಷ. ಗುಬ್ಬಿ ಹತ್ತಿರದ ಹಳ್ಳಿ. ಮೂರು ತಿಂಗಳಿಂದ ಬಿಳಿ ಸೆರಗು ಜಾಸ್ತಿ ಹೋಗುತ್ತಿತ್ತು. ಗಂಡನ ಜೊತೆ ಸೇರಿದ ಮೇಲೆ ಎರಡು ಸಲ ರಕ್ತವೂ ಕಾಣಿಸಿತು. ಹೆದರಿ ತುಮಕೂರಿನ ಒಂದು ನರ್ಸಿಂಗ್ ಹೋಮ್‌ಗೆ ಹೋದೆ. ಒಳಗೆ ನೋಡಿದ್ದು ಎರಡು ನಿಮಿಷ. "ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ. ಬಿಟ್ರೆ ಕ್ಯಾನ್ಸರ್ ಆಗುತ್ತೆ. ಗರ್ಭಕೋಶ ತೆಗೆಸಿಬಿಡು."

ಬೇರೆ ದಾರಿ ಇಲ್ವಾ ಅಂದೆ. "ಎರಡು ಮಕ್ಕಳಾಗಿವೆಯಲ್ಲ, ಇನ್ನು ಅದನ್ನ ಇಟ್ಕೊಂಡು ಏನ್ ಮಾಡ್ತೀಯಾ?" ಹೀಗೇ, ಏಕವಚನದಲ್ಲಿ. ಕ್ಯಾನ್ಸರ್ ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಓಲೆ ಅಡವಿಟ್ಟು 15,000 ಅಡ್ವಾನ್ಸ್ ಕಟ್ಟಿದೆ. ಒಂದು ಪ್ರಶ್ನೆ ಕೇಳಲಿಲ್ಲ. ಡಿಗ್ರಿ ಓದಿದವಳು ನಾನು, ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ತಂಗಿ ಬಿಡದೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದು, "ಪ್ಯಾಪ್ ಸ್ಮಿಯರ್ ರಿಪೋರ್ಟ್ ಎಲ್ಲಿದೆ?" ಗರ್ಭಕೋಶದ ಬಾಯಿಂದ ಸ್ವಲ್ಪ ಜೀವಕೋಶ ಒರೆಸಿ ತೆಗೆದು ಕ್ಯಾನ್ಸರ್ ಲಕ್ಷಣ ಇದೆಯಾ ಅಂತ ನೋಡುವ ಪರೀಕ್ಷೆ ಅದು. ಫೈಲ್ ಕೊಟ್ಟೆ. ದಪ್ಪ ಫೈಲ್. ಸ್ಕ್ಯಾನ್, ರಕ್ತ, ಶುಗರ್, ಇಸಿಜಿ. ಅವರು ಎರಡು ಸಲ ತಿರುವಿ ಹಾಕಿದರು. "ಮಾಡೇ ಇಲ್ವಲ್ಲಮ್ಮ" ಅಂದರು. ಆಗ ಆದ ಅವಮಾನ ಹೇಳಲಾರೆ. ಫೈಲ್ ದಪ್ಪ ಇದೆ, ಎಲ್ಲಾ ಪರೀಕ್ಷೆ ಆಗಿದೆ ಅಂತಲೇ ನಂಬಿದ್ದೆ. ಬೇಕಾಗಿದ್ದ ಒಂದೇ ಪರೀಕ್ಷೆ ಅದರಲ್ಲಿ ಇರಲಿಲ್ಲ. ಹೊಟ್ಟೆ ಸ್ಕ್ಯಾನಿನಲ್ಲಿ ಇದು ಗೊತ್ತೇ ಆಗುವುದಿಲ್ಲವಂತೆ.

ಎರಡನೇ ಪ್ರಶ್ನೆ, "ಮಾತ್ರೆ ತಗೊಳ್ತಿದ್ದೀರಾ?" ಹೌದು, ಎರಡು ವರ್ಷದಿಂದ ಮಾಲಾ-ಎನ್, ಮಕ್ಕಳಾಗದಂತೆ ತಗೊಳ್ಳುವ ಹಾರ್ಮೋನ್ ಮಾತ್ರೆ. ಮೊದಲಿನವರು ಇದನ್ನು ಕೇಳಲೇ ಇಲ್ಲ!

ಅವರು ಪ್ಯಾಪ್ ತೆಗೆದು ಕಳಿಸಿದರು. ಆಮೇಲೆ ಅಸಿಟಿಕ್ ಆಸಿಡ್ ನೀರು ಹಚ್ಚಿ ನೋಡಿದರು. ಅನುಮಾನದ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ನನಗೆ ಕಾಣಲಿಲ್ಲ. ಪ್ಯಾಪ್ ರಿಪೋರ್ಟೂ ನಾರ್ಮಲ್ ಬಂತು. ಮೊದಲಿನವರು ಹುಣ್ಣು ಅಂದಿದ್ದಕ್ಕೆ ಎರೋಷನ್ ಅನ್ನುತ್ತಾರೆ, ಆದರೆ ಅದು ಹುಣ್ಣೇ ಅಲ್ಲ. ಗರ್ಭಕೋಶದ ಬಾಯಿಯ ಒಳಗಿನ ಮೆತ್ತನೆಯ ಪದರ ಹೊರಗೆ ಬಂದು ಕೆಂಪಗೆ ಕಾಣುತ್ತದೆ. ಹಾರ್ಮೋನಿನಿಂದ, ಬಸುರಿಯಾದಾಗ, ಇಂಥ ಮಾತ್ರೆ ತಗೊಂಡಾಗ ಆಗುತ್ತದೆ. ತುಂಬಾ ಹೆಂಗಸರಿಗೆ ಇರುತ್ತದೆ. ಅದು ತಾನಾಗಿ ಕ್ಯಾನ್ಸರ್ ಆಗುವುದಿಲ್ಲ. ಎಷ್ಟೋ ಜನಕ್ಕೆ ಔಷಧಿಯೂ ಬೇಡ.

ದುಡ್ಡು ವಾಪಸ್ ಕೇಳಲು ಹೋದೆ. "ನಾವೇನು ಬಲವಂತ ಮಾಡಿದ್ವಾ? ಸೈನ್ ಹಾಕಿದ್ದು ನೀವೇ ತಾನೇ?" ಅಂದರು ಕೌಂಟರಿನಲ್ಲಿ. ಡಾಕ್ಟರ್ ಅಂದಿದ್ದು, "ಕಣ್ಣಿಗೆ ಕಾಣ್ತಿರುವಾಗ ಟೆಸ್ಟ್ ಯಾಕೆ?" ಈ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಬರೀ ಕಣ್ಣಿಗೆ ಇದೂ ಕೆಂಪು, ಕ್ಯಾನ್ಸರಿನ ಶುರುವೂ ಕೆಂಪಾಗಿ ಕಾಣಬಹುದು. ಅದಕ್ಕೇ ಅಲ್ವಾ ಟೆಸ್ಟ್ ಇರುವುದು? ನಿಜವಾಗಿ ಕ್ಯಾನ್ಸರ್ ಇದ್ದಿದ್ದರೂ ಎಲ್ಲಿವರೆಗೆ ಹರಡಿದೆ ಅಂತ ನೋಡದೆ ಕತ್ತರಿ ಹಾಕುವುದು ತಪ್ಪು.

ಬಿಳಿ ಸೆರಗು, ರಕ್ತ ಕಂಡರೆ ಸುಮ್ಮನೆ ಕೂರಬೇಡಿ, ತೋರಿಸಿ. ಪ್ಯಾಪ್ ಇಲ್ಲವೇ ಎಚ್‌ಪಿವಿ ಟೆಸ್ಟ್ (ಈ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವುದು) ಕೇಳಿ. ಅದರಲ್ಲಿ ಅನುಮಾನ ಬಂದರೆ ಕಾಲ್ಪೊಸ್ಕೋಪಿ, ಅಂದರೆ ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ಆ ಜಾಗ ನೋಡುವುದು. ಬೇಕಾದರೆ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಆಪರೇಷನ್ ಮಾತು ಆಮೇಲೆ. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಅಸಿಟಿಕ್ ಆಸಿಡ್ ಪರೀಕ್ಷೆ ಇದೆ, ವಿಐಎ ಅನ್ನುತ್ತಾರೆ. ಟೆಸ್ಟ್ ಆಗದೆ ಆಪರೇಷನ್ನಿಗೆ ದುಡ್ಡು ಮಾತ್ರ ಕಟ್ಟಬೇಡಿ. ನನ್ನ 15,000 ಇನ್ನೂ ಬಂದಿಲ್ಲ.

ಇವತ್ತು ಸಂಜೆ ಆ ಅಕ್ಕನ ಮನೆಗೆ ಹೋಗಿ ಫೈಲ್ ನೋಡಿದೆ. ಗುರುವಾರ ಆಪರೇಷನ್ ಅಂತ ಬರೆದಿದ್ದಾರೆ. ಸ್ಕ್ಯಾನ್ ಇದೆ, ರಕ್ತ ಇದೆ, ಇಸಿಜಿ ಇದೆ. ಪ್ಯಾಪ್ ಇಲ್ಲ.